ಸಿಂಗಪುರದಲ್ಲಿ ಹೊರದೇಶದ ನೌಕರರಿಗೆ ಕೆಲಸದ ಪಾಸು ಪಡೆಯುವುದು: ಉದ್ಯೋಗದಾತರಿಗೊಂದು ಸಮಗ್ರ ಮಾರ್ಗದರ್ಶಿ

ಸಿಂಗಪುರದಲ್ಲಿ ಹೊರದೇಶದವರು ಸಂಬಳಕ್ಕೆ ದುಡಿಯಬೇಕಾದರೆ ಅಲ್ಲಿನ ಮಾನವಶಕ್ತಿ ಸಚಿವಾಲಯ ಅವರ ಹೆಸರಿನಲ್ಲಿ ಕೊಟ್ಟ ಪಾಸು ಇರಲೇಬೇಕು. ಆ ಪಾಸಿಗೆ ಅರ್ಜಿ ಹಾಕಬೇಕಾದವರು ನೌಕರರಲ್ಲ, ಅವರನ್ನು ನೇಮಿಸಿಕೊಳ್ಳುವ ಸಂಸ್ಥೆ. ಎಂಒಎಂ ಎಂದೇ ಎಲ್ಲರೂ ಕರೆಯುವ ಈ ಸಚಿವಾಲಯದೊಂದಿಗೆ ವ್ಯವಹರಿಸುವಾಗ ನಮ್ಮವರು ಮಾಡುವ ಮೊದಲ ತಪ್ಪು ಇಲ್ಲಿಂದಲೇ ಶುರುವಾಗುತ್ತದೆ. ಅಭ್ಯರ್ಥಿ ಬುದ್ಧಿವಂತ, ಓದಿದವ, ಅನುಭವಿ, ಹಾಗಾಗಿ ಪಾಸು ಸಿಕ್ಕೇ ಸಿಗುತ್ತದೆ ಎಂದು ಅವರು ನಂಬಿಬಿಡುತ್ತಾರೆ. ನಿಜದಲ್ಲಿ ಪರೀಕ್ಷೆಯ ಅರ್ಧ ಭಾಗ ಕಂಪನಿಯದು. ಅಲ್ಲಿ ಈಗಾಗಲೇ ಯಾರು ಯಾರು ಕೆಲಸ ಮಾಡುತ್ತಿದ್ದಾರೆ, ಸ್ಥಳೀಯರಿಗೆ ಎಷ್ಟು ಜಾಗ ಕೊಟ್ಟಿದ್ದಾರೆ ಎಂಬುದು ಅಭ್ಯರ್ಥಿಯ ಪದವಿಯಷ್ಟೇ ತೂಗುತ್ತದೆ. ಆದ್ದರಿಂದ ಕೆಲಸದ ಪಾಸಿನ ತಯಾರಿ ಸಂದರ್ಶನ ಮುಗಿದ ಮೇಲೆ ಆರಂಭವಾಗಬಾರದು, ಅದಕ್ಕೂ ಎಷ್ಟೋ ಮೊದಲೇ ಆರಂಭವಾಗಬೇಕು.

ಸಿಂಗಪುರದಲ್ಲಿ ಸಣ್ಣ ಸಾಫ್ಟ್‌ವೇರ್ ಕಂಪನಿ ಅಥವಾ ಉಪಾಹಾರ ಗೃಹ ನಡೆಸುತ್ತಿರುವ ಕನ್ನಡಿಗರನ್ನೂ, ಬೆಂಗಳೂರಿನ ಕಚೇರಿಯಲ್ಲಿ ಕುಳಿತು ಅಲ್ಲಿನ ಶಾಖೆಗೆ ಜನರನ್ನು ಕಳುಹಿಸುವ ಮಾನವ ಸಂಪನ್ಮೂಲ ವಿಭಾಗದವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಇಲ್ಲಿರುವ ಮೊತ್ತಗಳೆಲ್ಲ ಸಿಂಗಪುರ ಡಾಲರ್‌ಗಳಲ್ಲಿವೆ ಮತ್ತು 2025ರ ಸೆಪ್ಟೆಂಬರ್‌ನ ಬದಲಾವಣೆಗಳನ್ನು ಒಳಗೊಂಡಿವೆ. ಅಲ್ಲಿನ ಬಜೆಟ್ ಅಧಿವೇಶನದಲ್ಲಿ, ಅಂದರೆ ಫೆಬ್ರುವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ, ಈ ಅಂಕಿಗಳ ಪರಿಷ್ಕರಣೆ ಘೋಷಣೆಯಾಗುವುದು ವಾಡಿಕೆ. ಅರ್ಜಿ ಹಾಕುವ ದಿನ ಎಂಒಎಂ ಜಾಲತಾಣದಲ್ಲಿ ಇನ್ನೊಮ್ಮೆ ತಾಳೆ ನೋಡಿಕೊಳ್ಳಿ.

ಮೊದಲ ಹೆಜ್ಜೆ: ಯಾವ ಪಾಸು ಎಂದು ತೀರ್ಮಾನಿಸಿ

ಬಹುತೇಕ ಉದ್ಯೋಗದಾತರಿಗೆ ಸಂಬಂಧಿಸಿದ ಪಾಸುಗಳು ಮೂರು. ವೃತ್ತಿಪರರಿಗೆ ಮತ್ತು ವ್ಯವಸ್ಥಾಪಕರಿಗೆ ಎಂಪ್ಲಾಯ್‌ಮೆಂಟ್ ಪಾಸ್, ಮಧ್ಯಮ ಕೌಶಲದವರಿಗೆ ಎಸ್ ಪಾಸ್, ಕಟ್ಟಡ ಕಾಮಗಾರಿ, ಹಡಗುಕಟ್ಟೆ, ತಯಾರಿಕೆ ಮುಂತಾದ ಗೊತ್ತುಪಡಿಸಿದ ವಲಯಗಳ ಕಾರ್ಮಿಕರಿಗೆ ವರ್ಕ್ ಪರ್ಮಿಟ್.

ಎಂಪ್ಲಾಯ್‌ಮೆಂಟ್ ಪಾಸಿಗೆ ತಿಂಗಳ ಕನಿಷ್ಠ ಸಂಬಳ 5,600 ಡಾಲರ್, ಹಣಕಾಸು ಸೇವೆಗಳ ವಲಯದಲ್ಲಾದರೆ 6,200. ಇವು 2025ರ ಜನವರಿ 1ರಿಂದ ಹೊಸ ಅರ್ಜಿಗಳಿಗೆ ಅನ್ವಯವಾಗಿವೆ. ಈ ಕನಿಷ್ಠ ಮೊತ್ತ ಸಲ್ಲುವುದು 23 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನವರಿಗೆ ಮಾತ್ರ. ಅಲ್ಲಿಂದ ವಯಸ್ಸಿನ ಜೊತೆಗೆ ಏರುತ್ತಾ ಹೋಗಿ 45 ಅಥವಾ ಅದಕ್ಕಿಂತ ಹೆಚ್ಚು ವಯಸ್ಸಿನವರಿಗೆ 10,700 ಡಾಲರ್, ಹಣಕಾಸು ವಲಯದಲ್ಲಿ 11,800 ಡಾಲರ್ ಆಗುತ್ತದೆ. ಎಸ್ ಪಾಸಿಗೆ 2025ರ ಸೆಪ್ಟೆಂಬರ್ 1ರಿಂದ ಕನಿಷ್ಠ 3,300, ಹಣಕಾಸು ವಲಯದಲ್ಲಿ 3,800. ಇಲ್ಲಿಯೂ ವಯಸ್ಸಿನ ಏರಿಕೆ ಇದೆ. ಸಂಬಳ ಎಂದರೆ ಪ್ರತಿ ತಿಂಗಳೂ ಬದಲಾಗದೆ ಕೊಡುವ ಮೂಲ ವೇತನ ಮತ್ತು ಸ್ಥಿರ ಭತ್ಯೆಗಳ ಮೊತ್ತ. ಬೋನಸ್, ಓವರ್‌ಟೈಮ್, ದಿನಭತ್ಯೆ ಇದರೊಳಗೆ ಬರುವುದಿಲ್ಲ. ಬೆಂಗಳೂರಿನಲ್ಲಿ ವರ್ಷದ ಒಟ್ಟು ಪ್ಯಾಕೇಜಿನ ಲೆಕ್ಕದಲ್ಲಿ ಮಾತನಾಡಿ ರೂಢಿಯಾದವರು ಇಲ್ಲಿಯೇ ಎಡವುತ್ತಾರೆ.

ವರ್ಕ್ ಪರ್ಮಿಟ್‌ನಲ್ಲಿ ನೌಕರ ಯಾವ ದೇಶದವನು, ಯಾವ ವಲಯಕ್ಕೆ ಬರುತ್ತಾನೆ ಎಂಬುದು ಮುಖ್ಯ. ಭಾರತೀಯರನ್ನು ಕಟ್ಟಡ ಕಾಮಗಾರಿ ಮತ್ತು ಹಡಗುಕಟ್ಟೆಗಳ ಕೆಲಸಕ್ಕೆ ಬಹು ಕಾಲದಿಂದ ತೆಗೆದುಕೊಳ್ಳುತ್ತಿದ್ದಾರೆ. ಸೇವಾ ವಲಯ ಮತ್ತು ತಯಾರಿಕಾ ವಲಯಗಳಲ್ಲಿ ಮಾತ್ರ ಎಂಒಎಂ ಪ್ರಕಟಿಸಿದ ಪಟ್ಟಿಯಲ್ಲಿರುವ ಹುದ್ದೆಗಳಿಗಷ್ಟೇ ಭಾರತದಿಂದ ಕರೆಸಿಕೊಳ್ಳಬಹುದು. ಅಂಥವರಿಗೆ ತಿಂಗಳಿಗೆ ಕನಿಷ್ಠ 2,000 ಡಾಲರ್ ಸ್ಥಿರ ಸಂಬಳ ಕೊಡಬೇಕು ಮತ್ತು ಅವರ ಸಂಖ್ಯೆ ಒಟ್ಟು ಸಿಬ್ಬಂದಿಯ 8 ಶೇಕಡವನ್ನು ಮೀರಬಾರದು. ಅಡುಗೆಯವರ ಹುದ್ದೆ ಈ ಪಟ್ಟಿಯಲ್ಲಿದೆ. ಊರಿನಿಂದ ಒಬ್ಬ ಒಳ್ಳೆಯ ಭಟ್ಟರನ್ನು ಕರೆಸಿಕೊಳ್ಳಬೇಕೆನ್ನುವ ಉಪಾಹಾರ ಗೃಹದ ಮಾಲೀಕರು 8 ಶೇಕಡದ ಲೆಕ್ಕವನ್ನು ಮೊದಲು ಹಾಕಿಕೊಳ್ಳಬೇಕು: ಆ ಭಟ್ಟರನ್ನೂ ಸೇರಿಸಿ ಒಟ್ಟು 13 ಮಂದಿಯಾದರೂ ಇದ್ದರೆ ಮಾತ್ರ ಒಬ್ಬರಿಗೆ ಜಾಗವಾಗುತ್ತದೆ.

ಎರಡನೆಯ ಹೆಜ್ಜೆ: ಕಂಪನಿಯ ಅಂಕಗಳನ್ನು ತಿಳಿದುಕೊಳ್ಳಿ

ಎಂಪ್ಲಾಯ್‌ಮೆಂಟ್ ಪಾಸಿನ ಹೊಸ ಅರ್ಜಿಗಳಿಗೆ 2023ರ ಸೆಪ್ಟೆಂಬರ್ 1ರಿಂದ, ನವೀಕರಣಕ್ಕೆ 2024ರ ಸೆಪ್ಟೆಂಬರ್ 1ರಿಂದ ಕಂಪಾಸ್ ಎಂಬ ಅಂಕ ಪದ್ಧತಿ ಅನ್ವಯವಾಗುತ್ತಿದೆ. ತೇರ್ಗಡೆಗೆ 40 ಅಂಕ ಬೇಕು. ನಾಲ್ಕು ಮೂಲ ಮಾನದಂಡಗಳಲ್ಲಿ ಪ್ರತಿಯೊಂದಕ್ಕೂ 0, 10 ಅಥವಾ 20 ಅಂಕ ಸಿಗುತ್ತದೆ.

ಮೊದಲನೆಯದು ಸಂಬಳ. ಅದೇ ವಲಯದ ಸ್ಥಳೀಯ ವೃತ್ತಿಪರರ ಸಂಬಳಗಳನ್ನು ವಯಸ್ಸಿಗೆ ಅನುಗುಣವಾಗಿ ಏರಿಕೆಯ ಕ್ರಮದಲ್ಲಿ ಜೋಡಿಸಿದರೆ, ಅಭ್ಯರ್ಥಿಯ ಸಂಬಳ 90 ಶೇಕಡ ಮಂದಿಯ ಸಂಬಳಕ್ಕಿಂತ ಮೇಲಿದ್ದಾಗ 20 ಅಂಕ, 65ರಿಂದ 90ರ ನಡುವೆ ಇದ್ದಾಗ 10. ಎರಡನೆಯದು ವಿದ್ಯಾರ್ಹತೆ. ಎಂಒಎಂ ಪಟ್ಟಿಯಲ್ಲಿರುವ ಅಗ್ರ ಸಂಸ್ಥೆಗಳ ಪದವಿಗೆ 20, ಉಳಿದ ಮಾನ್ಯ ಪದವಿಗೆ 10. ಇವೆರಡೂ ಅಭ್ಯರ್ಥಿಯವು. ಮುಂದಿನ ಎರಡು ಕಂಪನಿಯವು. ಮೂರನೆಯದು ವೈವಿಧ್ಯ. ಕಂಪನಿಯ ವೃತ್ತಿಪರ, ವ್ಯವಸ್ಥಾಪಕ, ಕಾರ್ಯನಿರ್ವಾಹಕ ಮತ್ತು ತಂತ್ರಜ್ಞ ದರ್ಜೆಯ ನೌಕರರಲ್ಲಿ, ಅಂದರೆ ಅಲ್ಲಿ ಪಿಎಂಇಟಿ ಎನ್ನುವ ಗುಂಪಿನಲ್ಲಿ, ಅಭ್ಯರ್ಥಿಯ ದೇಶದವರು 5 ಶೇಕಡಕ್ಕಿಂತ ಕಡಿಮೆ ಇದ್ದರೆ 20, 5ರಿಂದ 25ರೊಳಗೆ ಇದ್ದರೆ 10, 25 ಶೇಕಡ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೊನ್ನೆ. ನಾಲ್ಕನೆಯದು ಸ್ಥಳೀಯರ ಉದ್ಯೋಗಕ್ಕೆ ಕೊಟ್ಟ ಬೆಂಬಲ. ಇದನ್ನು ಅದೇ ಉಪವಲಯದ ಬೇರೆ ಕಂಪನಿಗಳೊಂದಿಗೆ ಹೋಲಿಸಿ ಅಳೆಯುತ್ತಾರೆ. ಇವುಗಳ ಮೇಲೆ, ಕೊರತೆಯಿರುವ ಉದ್ಯೋಗಗಳ ಅಧಿಕೃತ ಪಟ್ಟಿಯಲ್ಲಿರುವ ಹುದ್ದೆಯಾದರೆ 20 ಅಂಕಗಳವರೆಗೆ, ದೇಶದ ಆರ್ಥಿಕ ಆದ್ಯತೆಗಳಲ್ಲಿ ಪಾಲ್ಗೊಂಡ ಕಂಪನಿಯಾದರೆ 10 ಅಂಕ ಹೆಚ್ಚುವರಿಯಾಗಿ ಸಿಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಕಂಪನಿಯೊಂದರಲ್ಲಿ 40 ಮಂದಿ ಪಿಎಂಇಟಿಗಳಿದ್ದು, ಅವರಲ್ಲಿ 14 ಮಂದಿ ಭಾರತೀಯರು ಎಂದುಕೊಳ್ಳಿ. ಅದು 35 ಶೇಕಡ. ಹಾಗಾಗಿ ಇನ್ನೊಬ್ಬ ಭಾರತೀಯನಿಗೆ ಅರ್ಜಿ ಹಾಕಿದರೆ ವೈವಿಧ್ಯದಲ್ಲಿ ಸೊನ್ನೆ. ಸ್ಥಳೀಯರ ಬೆಂಬಲದಲ್ಲಿ 10, ಸಾಮಾನ್ಯ ಇಂಜಿನಿಯರಿಂಗ್ ಪದವಿಗೆ 10, ಮಧ್ಯಮ ಮಟ್ಟದ ಸಂಬಳಕ್ಕೆ 10 ಬಂದರೂ ಮೊತ್ತ 30, ಅರ್ಜಿ ಬೀಳುತ್ತದೆ. ಹುದ್ದೆಯು ಕೊರತೆಯ ಪಟ್ಟಿಯಲ್ಲಿದ್ದರೆ ಪಾರಾಗಬಹುದು. ಆದರೆ ಅಭ್ಯರ್ಥಿಯ ದೇಶದವರು ಮೂರನೇ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚು ಇರುವ ಕಂಪನಿಗೆ ಆ 20 ಅಂಕದಲ್ಲಿ 10 ಮಾತ್ರ ದಕ್ಕುವುದರಿಂದ ಅಲ್ಲಿಗೂ ಮೊತ್ತ ಸರಿಯಾಗಿ 40ಕ್ಕೆ ನಿಲ್ಲುತ್ತದೆ. ಇದೇ ಅಭ್ಯರ್ಥಿಗೆ 15 ಮಂದಿ ಪಿಎಂಇಟಿಗಳಿರುವ ಸಣ್ಣ ಕಂಪನಿಯೊಂದು ಅರ್ಜಿ ಹಾಕಿದರೆ ಯಾವ ಪಟ್ಟಿಯ ನೆರವೂ ಇಲ್ಲದೆ 40 ಬರುತ್ತದೆ. ಏಕೆಂದರೆ 25ಕ್ಕಿಂತ ಕಡಿಮೆ ಪಿಎಂಇಟಿಗಳಿರುವ ಸಂಸ್ಥೆಗಳಿಗೆ ಕಂಪನಿಯ ಎರಡೂ ಮಾನದಂಡಗಳಲ್ಲಿ ತಲಾ 10 ಅಂಕವನ್ನು ತಾನಾಗಿಯೇ ಕೊಡುತ್ತಾರೆ. ಅಭ್ಯರ್ಥಿ ಅದೇ, ಪದವಿ ಅದೇ, ಸಂಬಳ ಅದೇ, ಫಲಿತಾಂಶ ಬೇರೆ. 24ರಿಂದ 25ಕ್ಕೆ ದಾಟುವ ಹಂತದಲ್ಲಿರುವ ಕಂಪನಿಗಳು ಮುಂದಿನ ಒಂದೆರಡು ನೇಮಕಾತಿಗಳ ಬಗ್ಗೆ ಈ ದೃಷ್ಟಿಯಿಂದಲೂ ಯೋಚಿಸುವುದು ವಿವೇಕ.

ಕಂಪನಿಯ ಸದ್ಯದ ಸ್ಥಿತಿಯನ್ನು ಮೈಎಂಒಎಂ ಪೋರ್ಟಲ್‌ನಲ್ಲಿರುವ ವರ್ಕ್‌ಫೋರ್ಸ್ ಇನ್‌ಸೈಟ್ಸ್ ಎಂಬ ಸಾಧನದಲ್ಲಿ ನೋಡಬಹುದು. ಇಡೀ ಅರ್ಜಿಯ ಸಾಧ್ಯಾಸಾಧ್ಯತೆಯನ್ನು ತಿಳಿಯಲು ಎಂಒಎಂ ಜಾಲತಾಣದಲ್ಲಿ ಉಚಿತವಾದ ಸ್ವಯಂ ಮೌಲ್ಯಮಾಪನ ಸಾಧನವಿದೆ. ಅದರಲ್ಲಿ ಅನುಕೂಲಕರ ಉತ್ತರ ಬರದೆ ಅರ್ಜಿಯ ಶುಲ್ಕ ಕಟ್ಟಲು ಹೋಗಬೇಡಿ.

ತಿಂಗಳಿಗೆ 22,500 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಸ್ಥಿರ ಸಂಬಳ ಪಡೆಯುವವರಿಗೆ, ತನ್ನದೇ ಬಹುರಾಷ್ಟ್ರೀಯ ಸಂಸ್ಥೆಯ ಬೇರೆ ದೇಶದ ಶಾಖೆಯಿಂದ ನಿಯಮಾನುಸಾರ ವರ್ಗವಾಗಿ ಬರುವವರಿಗೆ, ಒಂದು ತಿಂಗಳು ಮೀರದ ಹುದ್ದೆಗಳಿಗೆ ಕಂಪಾಸ್ ಅನ್ವಯಿಸುವುದಿಲ್ಲ. ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಭಾರತ ಮತ್ತು ಸಿಂಗಪುರಗಳ ನಡುವೆ 2005ರಲ್ಲಿ ಆದ ಸಮಗ್ರ ಆರ್ಥಿಕ ಸಹಕಾರ ಒಪ್ಪಂದದಿಂದ ಭಾರತೀಯರಿಗೆ ಪಾಸು ಸಲೀಸಾಗಿ ಸಿಗುತ್ತದೆ ಎಂಬ ನಂಬಿಕೆ ಎರಡೂ ಕಡೆ ಹರಡಿದೆ. ಅದು ನಿಜವಲ್ಲ. ಸಂಬಳದ ಮಿತಿ ಮತ್ತಿತರ ಅರ್ಹತೆಗಳನ್ನು ಎಲ್ಲರಂತೆ ಭಾರತೀಯರೂ ಪೂರೈಸಬೇಕು.

ಮೂರನೆಯ ಹೆಜ್ಜೆ: 14 ದಿನಗಳ ಜಾಹೀರಾತು

ನ್ಯಾಯಯುತ ಪರಿಗಣನೆಯ ಚೌಕಟ್ಟಿನ ಪ್ರಕಾರ, ಎಂಪ್ಲಾಯ್‌ಮೆಂಟ್ ಪಾಸ್ ಅಥವಾ ಎಸ್ ಪಾಸಿಗೆ ಅರ್ಜಿ ಹಾಕುವ ಮೊದಲು ಆ ಹುದ್ದೆಯನ್ನು ಮೈಕೆರಿಯರ್ಸ್‌ಫ್ಯೂಚರ್ ಎಂಬ ಸರ್ಕಾರಿ ಉದ್ಯೋಗ ತಾಣದಲ್ಲಿ ಸತತ 14 ದಿನ ಪ್ರಕಟಿಸಿರಬೇಕು. ಹತ್ತಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳಿಗೂ 22,500 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಸಂಬಳದ ಹುದ್ದೆಗಳಿಗೂ ಇದರಿಂದ ವಿನಾಯಿತಿ ಇದೆ. ಜಾಹೀರಾತಿನ ಹುದ್ದೆ, ಅದರಲ್ಲಿ ತೋರಿಸಿದ ಸಂಬಳದ ವ್ಯಾಪ್ತಿ ಮತ್ತು ಆಮೇಲೆ ಅರ್ಜಿಯಲ್ಲಿ ಬರೆಯುವ ವಿವರ ಒಂದಕ್ಕೊಂದು ಹೊಂದಬೇಕು.

ಆಳನ್ನು ಮೊದಲೇ ಗೊತ್ತುಮಾಡಿಕೊಂಡು ಜಾಹೀರಾತನ್ನು ಶಾಸ್ತ್ರಕ್ಕೆ ಹಾಕುವ ಅಭ್ಯಾಸ ಹಲವರಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ನಿಯಮದ ಉಲ್ಲಂಘನೆ ಮಾತ್ರವಲ್ಲ, ಅರ್ಜಿ ಹಾಕಿ ಕಾದಿದ್ದ ಸ್ಥಳೀಯರಿಗೆ ಮಾಡುವ ಅನ್ಯಾಯ. ಹಾಗೆ ಮಾಡಿ ಸಿಕ್ಕಿಬಿದ್ದ ಕಂಪನಿಯ ಪಾಸಿನ ಸೌಲಭ್ಯವನ್ನೇ ಎಂಒಎಂ ತಡೆಹಿಡಿಯಬಹುದು. ಬಂದ ಅರ್ಜಿಗಳೆಷ್ಟು, ಯಾರನ್ನು ಸಂದರ್ಶಿಸಲಾಯಿತು, ಯಾವ ಕಾರಣಕ್ಕೆ ಆಯ್ಕೆಯಾಗಲಿಲ್ಲ ಎಂಬುದನ್ನು ಬರೆದಿಟ್ಟುಕೊಳ್ಳಿ.

ನಾಲ್ಕನೆಯ ಹೆಜ್ಜೆ: ಕಾಗದಪತ್ರಗಳು, ಅದರಲ್ಲೂ ಹೆಸರು

ಬೇಕಾಗುವ ಕಾಗದಗಳ ಪಟ್ಟಿ ಚಿಕ್ಕದು: ಪಾಸ್‌ಪೋರ್ಟಿನ ವಿವರದ ಪುಟ, ಕಂಪನಿಯ ನೋಂದಣಿ ವಿವರ, ವಿದ್ಯಾರ್ಹತೆಯ ಪರಿಶೀಲನಾ ಪುರಾವೆ. ತೊಡಕು ಇರುವುದು ಮೂರನೆಯದರಲ್ಲಿ. ಪದವಿ ಪ್ರಮಾಣಪತ್ರದ ನಕಲು ಕೊಟ್ಟರೆ ಸಾಲದು. ಪದವಿ ನಿಜವೆಂದು ಎಂಒಎಂ ಒಪ್ಪುವ ಹಿನ್ನೆಲೆ ಪರಿಶೀಲನಾ ಸಂಸ್ಥೆಯಿಂದ ಅಥವಾ ಅದು ಸೂಚಿಸಿದ ಬೇರೆ ಮಾರ್ಗದಿಂದ ದೃಢಪಡಿಸಿಕೊಂಡು ಆ ವರದಿಯನ್ನು ಲಗತ್ತಿಸಬೇಕು. ವಿಶ್ವವಿದ್ಯಾಲಯ ಉತ್ತರಿಸುವುದಕ್ಕೆ ವಾರಗಳೇ ಹಿಡಿಯಬಹುದಾದ್ದರಿಂದ ಜಾಹೀರಾತಿನ 14 ದಿನಗಳು ನಡೆಯುತ್ತಿರುವಾಗಲೇ ಸಂಭಾವ್ಯ ಅಭ್ಯರ್ಥಿಗಳಿಗೆ ಇದರ ಸೂಚನೆ ಕೊಟ್ಟಿರುವುದು ಒಳ್ಳೆಯದು. ವಿದ್ಯಾರ್ಹತೆಯ ಅಂಕಗಳಿಲ್ಲದೆಯೇ 40 ದಾಟುವ ಅಭ್ಯರ್ಥಿಗೆ ಈ ಪುರಾವೆಯ ಅಗತ್ಯವೇ ಬೀಳುವುದಿಲ್ಲ.

ಕರ್ನಾಟಕದ ಇಂಜಿನಿಯರುಗಳಲ್ಲಿ ಬಹಳ ಮಂದಿ ಓದಿದ್ದು ಒಂದು ಕಾಲೇಜಿನಲ್ಲಿ, ಪದವಿ ಕೊಟ್ಟಿದ್ದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಅರ್ಜಿಯಲ್ಲಿ ಬರೆಯಬೇಕಾದದ್ದು ಪದವಿ ಕೊಟ್ಟ ವಿಶ್ವವಿದ್ಯಾಲಯದ ಹೆಸರು. ಕಾಲೇಜಿನ ಹೆಸರು ಆರಿಸಿ, ಪರಿಶೀಲನಾ ವರದಿಯಲ್ಲಿ ವಿಶ್ವವಿದ್ಯಾಲಯದ ಹೆಸರು ಬಂದರೆ ಅರ್ಜಿ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ.

ಇನ್ನು ಹೆಸರಿನ ಸಮಸ್ಯೆ ನಮ್ಮ ಕಡೆಯವರಿಗೇ ಬಂದ ಕಷ್ಟ. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆಯೋ ಹಿಂದೆಯೋ ಎರಡು ಇನಿಷಿಯಲ್ ಇರುತ್ತವೆ. ಪಾಸ್‌ಪೋರ್ಟ್ ಮಾಡಿಸುವಾಗ ಅವು ಊರಿನ ಹೆಸರು, ತಂದೆಯ ಹೆಸರುಗಳಾಗಿ ಬಿಡಿಸಿಕೊಂಡಿರುತ್ತವೆ. ಕೆಲವರ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿಯೇ ಇರುತ್ತದೆ. ಅರ್ಜಿಯಲ್ಲಿ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಅದೇ ಕ್ರಮದಲ್ಲಿ ಬರೆಯಿರಿ. ಪದವಿಪತ್ರದ ಹೆಸರು ಬೇರೆಯಾಗಿ ಕಂಡರೆ ಎರಡೂ ಒಬ್ಬರದೇ ಎಂಬ ನೋಟರಿ ಪ್ರಮಾಣಪತ್ರವೊಂದನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ ಮತ್ತು ಪರಿಶೀಲನಾ ಸಂಸ್ಥೆಗೂ ಅದನ್ನು ಕೊಡಿ. ನಾನು ನೋಡಿದ ಒಂದು ಅರ್ಜಿ ಇನಿಷಿಯಲ್‌ಗಳ ಗೊಂದಲದಿಂದಲೇ ಆರು ವಾರ ನಿಂತುಹೋಗಿತ್ತು. ಅಷ್ಟರಲ್ಲಿ ಆ ಹುಡುಗ ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿತ್ತು. ತಾತ್ವಿಕ ಅನುಮೋದನೆಯ ಪತ್ರ, ಅಂದರೆ ಅರ್ಜಿ ಒಪ್ಪಿಗೆಯಾಗಿದೆ ಎಂದು ಎಂಒಎಂ ತಿಳಿಸುವ ಪತ್ರ, ಕೈಗೆ ಬರುವವರೆಗೆ ರಾಜೀನಾಮೆ ಕೊಡಬೇಡಿ ಎಂದು ಅಭ್ಯರ್ಥಿಗೆ ಹೇಳುವುದು ಉದ್ಯೋಗದಾತರ ಕರ್ತವ್ಯವೆಂದೇ ನಾನು ತಿಳಿದಿದ್ದೇನೆ. ಆ ಪತ್ರಕ್ಕೆ ಆರು ತಿಂಗಳ ಅವಧಿ ಇರುವುದರಿಂದ ಬೆಂಗಳೂರಿನ ಕಂಪನಿಗಳ ಮೂರು ತಿಂಗಳ ನೋಟಿಸ್ ಅವಧಿಯನ್ನು ಆಮೇಲೆಯೂ ಮುಗಿಸಬಹುದು.

ಐದನೆಯ ಹೆಜ್ಜೆ: ಅರ್ಜಿಯಿಂದ ಕಾರ್ಡಿನವರೆಗೆ

ಅರ್ಜಿಯನ್ನು ಕಾರ್ಪ್‌ಪಾಸ್ ಅಧಿಕಾರ, ಅಂದರೆ ಸರ್ಕಾರಿ ಜಾಲತಾಣಗಳಲ್ಲಿ ಕಂಪನಿಯ ಪರವಾಗಿ ವ್ಯವಹರಿಸುವ ಅನುಮತಿ, ಪಡೆದವರು ಸಿಂಗ್‌ಪಾಸ್ ಎಂಬ ಸರ್ಕಾರಿ ಡಿಜಿಟಲ್ ಗುರುತಿನ ಮೂಲಕ ಒಳಹೊಕ್ಕು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಅಥವಾ ಪರವಾನಗಿ ಇರುವ ಉದ್ಯೋಗ ಏಜೆನ್ಸಿಯ ಮೂಲಕ ಸಲ್ಲಿಸಬಹುದು. ಎಂಪ್ಲಾಯ್‌ಮೆಂಟ್ ಪಾಸಿನ ಅರ್ಜಿ ಶುಲ್ಕ 105 ಡಾಲರ್, ಪಾಸು ಮಂಜೂರಾದ ಮೇಲೆ ವಿತರಣೆಗೆ 225 ಡಾಲರ್. ಅರ್ಜಿ ತಿರಸ್ಕೃತವಾದರೆ 105 ಡಾಲರ್ ಮರಳುವುದಿಲ್ಲ. ಹೆಚ್ಚಿನ ಆನ್‌ಲೈನ್ ಅರ್ಜಿಗಳ ಸ್ಥಿತಿ ಹತ್ತು ಕೆಲಸದ ದಿನಗಳೊಳಗೆ ತಿಳಿಯುತ್ತದೆ.

ಒಪ್ಪಿಗೆಯಾದರೆ ತಾತ್ವಿಕ ಅನುಮೋದನೆಯ ಪತ್ರ ಬರುತ್ತದೆ. ಭಾರತೀಯರು ಇದರ ಆಧಾರದ ಮೇಲೆಯೇ ದೇಶವನ್ನು ಪ್ರವೇಶಿಸಬಹುದು, ಪ್ರತ್ಯೇಕ ವೀಸಾ ಬೇಕಾಗುವುದಿಲ್ಲ. ಆದರೆ ಈ ಪತ್ರ ಕೆಲಸ ಮಾಡುವ ಅನುಮತಿಯಲ್ಲ. ವಿಮಾನ ಇಳಿದ ಮರುದಿನವೇ ಕಚೇರಿಗೆ ಕರೆಸಿ ಕೂರಿಸಿಕೊಳ್ಳುವ ಆತುರ ಬೇಡ. ಅಭ್ಯರ್ಥಿ ಬಂದ ಮೇಲೆ ಉದ್ಯೋಗದಾತರು ಆನ್‌ಲೈನ್‌ನಲ್ಲಿ ಪಾಸನ್ನು ವಿತರಿಸಿದಾಗ ಸಿಗುವ ಸೂಚನಾ ಪತ್ರದಿಂದ ಕೆಲಸದ ಹಕ್ಕು ಆರಂಭವಾಗುತ್ತದೆ. ಅನುಮೋದನೆಯ ಪತ್ರದಲ್ಲಿ ವೈದ್ಯಕೀಯ ತಪಾಸಣೆ ಕೇಳಿದ್ದರೆ ಅದನ್ನು ಮೊದಲು ಮುಗಿಸಬೇಕು. ಸೂಚನಾ ಪತ್ರ ಹೇಳಿದರೆ ಎಂಒಎಂ ಸೇವಾ ಕೇಂದ್ರಕ್ಕೆ ಹೋಗಿ ಬೆರಳಚ್ಚು ಮತ್ತು ಭಾವಚಿತ್ರ ಕೊಡಬೇಕು. ಅದಾದ ಕೆಲವೇ ದಿನಗಳಲ್ಲಿ ಕಾರ್ಡು ಕಂಪನಿಯ ವಿಳಾಸಕ್ಕೆ ತಲುಪುತ್ತದೆ.

ಮೊದಲ ಬಾರಿಗೆ ಪಾಸು ಎರಡು ವರ್ಷಗಳವರೆಗೆ, ನವೀಕರಣದಲ್ಲಿ ಮೂರು ವರ್ಷಗಳವರೆಗೆ ಸಿಗುತ್ತದೆ.

ಭಾರತದ ಕಡೆಯಿಂದ ಹೊರಡುವಾಗ ಒಂದು ಪ್ರಶ್ನೆ ಬರುತ್ತದೆ. ಹತ್ತನೇ ತರಗತಿ ಮುಗಿಸದವರ ಪಾಸ್‌ಪೋರ್ಟಿಗೆ ವಲಸೆ ತಪಾಸಣೆ ಅಗತ್ಯ ಎಂಬ ಮುದ್ರೆ ಇದ್ದರೆ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ವಲಸೆ ರಕ್ಷಣಾಧಿಕಾರಿಯ ಅನುಮತಿ ಬೇಕು. ಬಹರೇನ್ ಎಂಬ ದ್ವೀಪ ರಾಷ್ಟ್ರ ಆ ಪಟ್ಟಿಯಲ್ಲಿದೆ, ಮಲೇಷ್ಯಾವೂ ಇದೆ, ಸಿಂಗಪುರ ಇಲ್ಲ.

ಎಸ್ ಪಾಸ್ ಮತ್ತು ವರ್ಕ್ ಪರ್ಮಿಟ್‌ಗಳ ಹೆಚ್ಚಿನ ಹೊಣೆ

ಈ ಎರಡು ಪಾಸುಗಳಿಗೆ ಕಂಪಾಸ್ ಇಲ್ಲ, ಬದಲಾಗಿ ಕೋಟಾ ಮತ್ತು ಲೆವಿ, ಅಂದರೆ ಪ್ರತಿ ಹೊರದೇಶದ ನೌಕರನಿಗೆ ಉದ್ಯೋಗದಾತರು ತಿಂಗಳು ತಿಂಗಳು ಸರ್ಕಾರಕ್ಕೆ ಕಟ್ಟುವ ಶುಲ್ಕ, ಇವೆ. ಸೇವಾ ವಲಯದಲ್ಲಿ ಎಸ್ ಪಾಸಿನವರು ಒಟ್ಟು ಸಿಬ್ಬಂದಿಯ 10 ಶೇಕಡವನ್ನು, ಎಸ್ ಪಾಸ್ ಮತ್ತು ವರ್ಕ್ ಪರ್ಮಿಟ್ ಎರಡೂ ಸೇರಿ 35 ಶೇಕಡವನ್ನು ಮೀರುವಂತಿಲ್ಲ. ಅಂದರೆ ವರ್ಕ್ ಪರ್ಮಿಟ್‌ನವರು ಯಾರೂ ಇಲ್ಲದ ಕಂಪನಿಯಲ್ಲಿ ಒಬ್ಬ ಎಸ್ ಪಾಸಿನವರಿಗೆ ಒಂಬತ್ತು ಮಂದಿ ಸ್ಥಳೀಯರು ಬೇಕು. ಸ್ಥಳೀಯರನ್ನು ಹೆಸರಿಗೆ ಮಾತ್ರ ಪುಸ್ತಕದಲ್ಲಿ ತೋರಿಸಿದರೆ ನಡೆಯುವುದಿಲ್ಲ. ನಿಗದಿತ ಕನಿಷ್ಠ ಸಂಬಳ ಪಡೆಯುವ ಸ್ಥಳೀಯರನ್ನು ಮಾತ್ರ ಪೂರ್ಣ ಒಬ್ಬರೆಂದು ಎಣಿಸುತ್ತಾರೆ. 2024ರ ಜುಲೈಯಲ್ಲಿ ಆ ಮೊತ್ತವನ್ನು 1,600 ಡಾಲರ್‌ಗೆ ಏರಿಸಲಾಯಿತು. ಸಂಬಂಧಿಕರ ಹೆಸರಿನಲ್ಲಿ ಹುಸಿ ಭವಿಷ್ಯನಿಧಿ ಕಟ್ಟಿ ಕೋಟಾ ಹೆಚ್ಚಿಸಿಕೊಂಡವರು ನ್ಯಾಯಾಲಯದಲ್ಲಿ ಆರೋಪಿಗಳಾಗಿ ನಿಂತಿದ್ದಾರೆ. ಸುಳ್ಳು ಘೋಷಣೆಗೆ 20,000 ಡಾಲರ್‌ವರೆಗೆ ದಂಡ, ಎರಡು ವರ್ಷಗಳವರೆಗೆ ಜೈಲು ಅಥವಾ ಎರಡೂ ಇವೆ.

ಎಸ್ ಪಾಸಿನ ಲೆವಿ 2025ರ ಸೆಪ್ಟೆಂಬರ್‌ನಿಂದ ತಿಂಗಳಿಗೆ 650 ಡಾಲರ್, ವರ್ಷಕ್ಕೆ 7,800. ಇದರ ಜೊತೆಗೆ ಎಸ್ ಪಾಸ್ ಮತ್ತು ವರ್ಕ್ ಪರ್ಮಿಟ್‌ನವರಿಗೆ ವರ್ಷಕ್ಕೆ ಕನಿಷ್ಠ 60,000 ಡಾಲರ್ ರಕ್ಷಣೆಯ ವೈದ್ಯಕೀಯ ವಿಮೆ ಮಾಡಿಸಬೇಕು. ಮಲೇಷ್ಯಾದವರಲ್ಲದ ಪ್ರತಿ ವರ್ಕ್ ಪರ್ಮಿಟ್ ಕಾರ್ಮಿಕನಿಗೆ, ಅವನು ದೇಶಕ್ಕೆ ಬರುವ ಮೊದಲೇ, 5,000 ಡಾಲರ್‌ನ ಭದ್ರತಾ ಬಾಂಡ್ ಕೊಡಬೇಕು. ನೇಮಕಾತಿಯ ವೆಚ್ಚ ಲೆಕ್ಕ ಹಾಕುವಾಗ ಸಂಬಳವನ್ನಷ್ಟೇ ನೋಡುವವರು ಈ ಮೊತ್ತಗಳನ್ನು ಮೊದಲ ದಿನವೇ ಕೂಡಿಸಿಕೊಳ್ಳಲಿ.

ಏಕೆಂದರೆ ಇವನ್ನು ಕಾರ್ಮಿಕನ ತಲೆಗೆ ಕಟ್ಟುವಂತಿಲ್ಲ. ಲೆವಿಯನ್ನಾಗಲಿ ವಿಮೆಯನ್ನಾಗಲಿ ಸಂಬಳದಿಂದ ಹಿಡಿಯುವುದು, ಕೆಲಸ ಕೊಟ್ಟದ್ದಕ್ಕೆ ಅಥವಾ ಪಾಸು ನವೀಕರಿಸಿದ್ದಕ್ಕೆ ನೌಕರನಿಂದ ಹಣ ಪಡೆಯುವುದು ಅಪರಾಧ. ಹಾಗೆ ಹಣ ಪಡೆದ ಉದ್ಯೋಗದಾತನಿಗೆ 30,000 ಡಾಲರ್‌ವರೆಗೆ ದಂಡ, ಎರಡು ವರ್ಷಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಬಹುದು. ಸಿಂಗಪುರದ ಏಜೆನ್ಸಿಯೂ ಕರಾರಿನ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳದಂತೆ, ಹೆಚ್ಚೆಂದರೆ ಎರಡು ತಿಂಗಳ ಸಂಬಳದಷ್ಟನ್ನು ಮಾತ್ರ ಕಾರ್ಮಿಕನಿಂದ ಶುಲ್ಕವಾಗಿ ಪಡೆಯಬಹುದು. ಹೆಂಡತಿಯ ಒಡವೆ ಅಡವಿಟ್ಟು, ಕೈಸಾಲ ಮಾಡಿ ಬಂದವನು ಮೊದಲ ವರ್ಷದ ದುಡಿಮೆಯನ್ನೆಲ್ಲ ಬಡ್ಡಿಗೆ ಸುರಿಯುವುದನ್ನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ಬಳಿಗೆ ಬರುವ ಕಾರ್ಮಿಕ ಊರಿನಲ್ಲಿ ಯಾರಿಗೆ ಎಷ್ಟು ಕೊಟ್ಟು ಬಂದಿದ್ದಾನೆ ಎಂದು ಸಂದರ್ಶನದಲ್ಲಿಯೇ ಕೇಳಿ. ಭಾರತದಲ್ಲಿ ನೋಂದಾಯಿತ ನೇಮಕಾತಿ ಏಜೆಂಟರು ಸಹ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಶುಲ್ಕ ಪಡೆಯುವಂತಿಲ್ಲ.

ಕುಟುಂಬವನ್ನು ಕರೆಸಿಕೊಳ್ಳುವುದಾದರೆ

ಎಂಪ್ಲಾಯ್‌ಮೆಂಟ್ ಪಾಸ್ ಅಥವಾ ಎಸ್ ಪಾಸಿನವರ ಸ್ಥಿರ ಸಂಬಳ ತಿಂಗಳಿಗೆ 6,000 ಡಾಲರ್ ಇದ್ದರೆ ಪತಿ ಅಥವಾ ಪತ್ನಿ ಮತ್ತು 21 ವರ್ಷದೊಳಗಿನ ಮಕ್ಕಳಿಗೆ ಡಿಪೆಂಡೆಂಟ್ಸ್ ಪಾಸ್ ಸಿಗುತ್ತದೆ. ತಂದೆತಾಯಿಯನ್ನು ದೀರ್ಘಾವಧಿಗೆ ಕರೆಸಲು 12,000 ಡಾಲರ್ ಸಂಬಳ ಬೇಕು. 12 ವರ್ಷ ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳಿಗೆ ಗಂಟಲಮಾರಿ ಮತ್ತು ದಡಾರ ಲಸಿಕೆ ಆಗಿದೆಯೆಂಬ ದೃಢೀಕರಣವನ್ನು ಅರ್ಜಿಗೆ ಮೊದಲೇ ಪಡೆಯಬೇಕಾದ್ದರಿಂದ ಊರಿನ ಆಸ್ಪತ್ರೆಯ ಲಸಿಕೆ ಕಾರ್ಡನ್ನು ಜೋಪಾನವಾಗಿ ತರಲು ತಿಳಿಸಿ. ಅವಲಂಬಿತರಾಗಿ ಬಂದ ಪತ್ನಿ ಕೆಲಸ ಮಾಡಬೇಕೆಂದರೆ 2021ರ ಮೇ ತಿಂಗಳಿಂದ ಅವರಿಗೂ ತಮ್ಮದೇ ಕೆಲಸದ ಪಾಸು ಬೇಕು.

ತಿರಸ್ಕಾರ, ನವೀಕರಣ, ಬಿಡುಗಡೆ

ಅರ್ಜಿ ತಿರಸ್ಕೃತವಾದರೆ ಮೂರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಅದೇ ಮಾಹಿತಿಯನ್ನು ಮತ್ತೆ ಕಳುಹಿಸುವುದರಿಂದ ಏನೂ ಆಗದು. ತಿರಸ್ಕಾರದ ಕಾರಣವನ್ನು ಓದಿ, ಅದಕ್ಕೆ ಉತ್ತರವಾಗುವ ಹೊಸ ದಾಖಲೆ ಇದ್ದರೆ ಮಾತ್ರ ಮುಂದುವರಿಯಿರಿ. ಪಾಸು ದೊರೆಯಲೆಂದು ಕಾಗದದ ಮೇಲೆ ಸಂಬಳ ಏರಿಸಿ, ಆಮೇಲೆ ಕಡಿಮೆ ಕೊಡುವ ಯೋಚನೆ ಬಂದರೆ ಅಲ್ಲಿಯೇ ಬಿಟ್ಟುಬಿಡಿ. ಘೋಷಿಸಿದ ಸಂಬಳವನ್ನು ಪ್ರತಿ ತಿಂಗಳೂ ಕೊಡಲೇಬೇಕು, ತಗ್ಗಿಸಬೇಕಾದರೆ ನೌಕರನ ಒಪ್ಪಿಗೆ ಪಡೆದು ಎಂಒಎಂಗೆ ಮೊದಲೇ ತಿಳಿಸಬೇಕು.

ಎಂಪ್ಲಾಯ್‌ಮೆಂಟ್ ಪಾಸಿನ ನವೀಕರಣಕ್ಕೆ ಅವಧಿ ಮುಗಿಯುವ ಆರು ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಬಹುದು. ಆ ಹೊತ್ತಿಗೆ ನೌಕರನ ವಯಸ್ಸು ಹೆಚ್ಚಾಗಿರುತ್ತದೆ, ಸಂಬಳದ ಮಿತಿಯೂ ಏರಿರುತ್ತದೆ. ಎರಡು ವರ್ಷ ಸಂಬಳ ಏರಿಸದೆ ಕೂತವರು ನವೀಕರಣದಲ್ಲಿ ಒಳ್ಳೆಯ ಕೆಲಸಗಾರರನ್ನು ಕಳೆದುಕೊಳ್ಳುತ್ತಾರೆ. ವಾರ್ಷಿಕ ವೇತನ ಪರಿಷ್ಕರಣೆಯ ಸಭೆಯಲ್ಲಿಯೇ ಪ್ರತಿ ಪಾಸಿನ ಮುಕ್ತಾಯದ ದಿನಾಂಕ ಮತ್ತು ಆ ದಿನಕ್ಕೆ ಬೇಕಾಗುವ ಸಂಬಳವನ್ನು ಬರೆದುಕೊಂಡಿದ್ದರೆ ಈ ಸಂಕಟ ಬರುವುದಿಲ್ಲ.

ನೌಕರ ಕೆಲಸ ಬಿಟ್ಟಾಗ ಅವನ ಕೊನೆಯ ದಿನದಿಂದ ಒಂದು ವಾರದೊಳಗೆ ಎಂಪ್ಲಾಯ್‌ಮೆಂಟ್ ಪಾಸನ್ನು ರದ್ದುಮಾಡಬೇಕು. ಅದಕ್ಕೂ ಮೊದಲು, ಕೆಲಸ ನಿಲ್ಲುವ ಕನಿಷ್ಠ ಒಂದು ತಿಂಗಳ ಮುಂಚೆ, ಐಆರ್ 21 ಎಂಬ ನಮೂನೆಯನ್ನು ಆದಾಯ ತೆರಿಗೆ ಪ್ರಾಧಿಕಾರಕ್ಕೆ ಸಲ್ಲಿಸಿ, ತೆರಿಗೆ ಇತ್ಯರ್ಥವಾಗುವವರೆಗೆ ಅವನಿಗೆ ಬರಬೇಕಾದ ಹಣವನ್ನು ತಡೆಹಿಡಿಯಬೇಕು. ಈ ತಡೆಯ ವಿಷಯವನ್ನು ರಾಜೀನಾಮೆಯ ದಿನವೇ ಅವನಿಗೆ ವಿವರಿಸಿ, ಇಲ್ಲವಾದರೆ ಕೊನೆಯ ತಿಂಗಳ ಸಂಬಳ ಬರಲಿಲ್ಲವೆಂದು ಮನೆಯ ಬಾಡಿಗೆಗೆ ಪರದಾಡುತ್ತಾನೆ. ಪಾಸು ರದ್ದಾದಾಗ ಸಿಗುವ 30 ದಿನಗಳ ಅಲ್ಪಾವಧಿ ಭೇಟಿ ಪಾಸಿನಲ್ಲಿ ಅವನು ಸಾಮಾನು ಕಟ್ಟಿಕೊಂಡು ಹೊರಡಬಹುದು. ಹೊಸ ಉದ್ಯೋಗದಾತರು ಸಿಕ್ಕಿದ್ದರೆ ಅವರು ಮತ್ತೆ ಮೊದಲ ಹೆಜ್ಜೆಯಿಂದ ಅರ್ಜಿ ಆರಂಭಿಸಬೇಕು.